ಗುಲಾಬಿ ಬಣ್ಣಕ್ಕೆ ತಿರುಗಿದ ಹಿತ್ತಾಳೆ

ಬಾವಿಗೆ ಬಿದ್ದ ಮೋಟಾರು ಎತ್ತುವುದು ನನ್ನ ಕಸುಬು. ಬಸವಕಲ್ಯಾಣದ ಸುತ್ತಲಿನ ಬಾವಿಗಳ ನೀರು ಗಡಸು. ನಾಲ್ಕು ಸಲ ಮುಳುಗಿದರೆ ಸಾಕು, ಸ್ಕೂಬಾ ಸಿಲಿಂಡರಿನ ಗಾಳಿಯನ್ನು ಬಾಯಿಗೆ ಹದವಾಗಿ ಕೊಡುವ ರೆಗ್ಯುಲೇಟರಿನಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ. ಎರಡು ವರ್ಷದ ಹಿಂದೆ ಅದನ್ನು ತೊಳೆಯಲು ಹುಮನಾಬಾದಿನ ಒಬ್ಬ ಮೆಕ್ಯಾನಿಕ್‌ಗೆ ಕೊಟ್ಟೆ. ಆ ಮಹಾಶಯ ಪಾಯಿಖಾನೆ ತೊಳೆಯುವ ಆಸಿಡ್‌ನಲ್ಲಿ ಅದ್ದಿ, ಫಳಫಳ ಹೊಳೆಯಿಸಿ ಕೊಟ್ಟ.

ಅದನ್ನು ಬಾಯಿಗಿಟ್ಟು ಬಾವಿಗೆ ಇಳಿದೆ; ಮೂವತ್ತು ಅಡಿ ಆಳದಲ್ಲಿ ಗಾಳಿ ನಿಂತಿತು. ಹಗ್ಗ ಹಿಡಿದು ಹೇಗೆ ಮೇಲೆ ಬಂದೆನೋ, ಇವತ್ತಿಗೂ ನೆನಪಿಲ್ಲ. ಬಿಚ್ಚಿ ನೋಡಿದರೆ ಆಸಿಡ್‌ಗೆ ಕಿತ್ತುಬಂದ ಕ್ರೋಮ್ ಲೇಪದ ಚೂರು ಗಾಳಿಯ ದಾರಿಗೆ ಅಡ್ಡ ಕೂತಿತ್ತು. ಒಳಗಿನ ಹಿತ್ತಾಳೆ ಸವೆದು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಕೇಳಲು ಹೋದರೆ ಆ ಮೆಕ್ಯಾನಿಕ್ ನಕ್ಕ.

"ಬದುಕೀರಲ್ರಿ, ಮತ್ಯಾಕ ಬಡ್ಕೊಳ್ಳಾಕತ್ತೀರಿ?"

ಆ ನಗುವನ್ನು ನಾನು ಮರೆಯಲಿಲ್ಲ. ಮರೆಯುವ ಮನಸ್ಸೂ ಇರಲಿಲ್ಲ.

ಆಮೇಲೆ ತೊಳೆಯುವುದನ್ನು ನಾನೇ ಕಲಿತೆ. ಅವ್ವ ತಂಬಿಗೆ ತಿಕ್ಕುವ ಹುಣಸೆಹಣ್ಣು ಮೊದಲು ಹಚ್ಚಿದೆ. ನಾರು ಸಂದಿಯಲ್ಲಿ ಉಳಿಯಿತು. ನಿಂಬೆಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಪುಡಿ, ಒಳ್ಳೆಯದೇ, ಆದರೆ ನನ್ನ ಕೈಯಲ್ಲಿ ಅಳತೆ ತಪ್ಪುತ್ತಿತ್ತು. ಕೊನೆಗೆ ಬಿಳಿ ವಿನೆಗರ್‌ಗೆ ಅಷ್ಟೇ ಬಿಸಿನೀರು ಬೆರೆಸಿ, ರಬ್ಬರ್ ಉಂಗುರ ತೆಗೆದಿಟ್ಟು, ಸುಣ್ಣ ಕರಗಿ ಏಳುವ ಗುಳ್ಳೆ ನಿಲ್ಲುವ ತನಕ ಮಾತ್ರ ಅದ್ದಿ, ಸಿಹಿನೀರಿನಲ್ಲಿ ಜಾಲಿಸುವುದು ಸರಿಹೋಯಿತು. ನಿಧಾನದ ಕೆಲಸ. ಗುಳ್ಳೆ ನೋಡುತ್ತ ಕೂತಾಗಲೆಲ್ಲ ಅವನನ್ನು ಬೈಯುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಅವನದೇ ಮೋಟಾರು ಮೋರಖಂಡಿಯಲ್ಲಿದ್ದ ಅವನ ಹೊಲದ ಬಾವಿಗೆ ಬಿತ್ತು. ಕೈಮುಗಿದು ಬಂದ. ನನಗೆ ಹಬ್ಬ! ಬಾವಿಕಟ್ಟೆಯ ಮೇಲೆ ವಿನೆಗರ್, ಬೋಗುಣಿ, ಬಿಚ್ಚಿದ ರೆಗ್ಯುಲೇಟರ್ ಇಟ್ಟೆ.

"ಮೊದಲ ಇದನ್ನ ತೊಳೀರಿ. ಆಮ್ಯಾಲ ಬಾಯಾಗ ಇಟ್ಕೊಂಡು ದನದ ತೊಟ್ಟ್ಯಾಗ ತಲಿ ಮುಳಗಸ್ರಿ. ನಾ ನೂರು ಎಣಸ್ತೀನಿ."

ಅವನು ತೋಳು ಮಡಚಿ ಕೂತ. ಈಗ ತನ್ನ ಉಸಿರಿನ ಮಾತು ನೋಡಿ, ಒಂದೊಂದು ಬಿಡಿಭಾಗವನ್ನೂ ಮೂರು ಸಲ ಜಾಲಿಸಿದ, ಬಿಸಿಲಿಗೆ ಹಿಡಿದು ನೋಡಿದ, ಊದಿದ. ನಾನು ಜೋಡಿಸಿ ಸಿಲಿಂಡರಿಗೆ ಹಚ್ಚಿದೆ. ತೊಟ್ಟಿಯಲ್ಲಿ ತಲೆ ಮುಳುಗಿಸಿದ. ಬೇಕೆಂದೇ ನಿಧಾನವಾಗಿ ಎಣಿಸಿದೆ.

"ಚಲೋ ಗಾಳಿ ಬರಾಕತ್ತದ್ರಿ. ಇನ್ನ ಇಳೀರಿ," ಎಂದು ಮುಖ ಒರೆಸಿಕೊಂಡ.

"ತೊಳ್ಯಾಕ ನಿಮಗ ಚಲೋ ಬರ್ತದ. ಅವತ್ತೂ ಬರ್ತಿತ್ತು," ಎಂದೆ.

ಇಳಿಯುತ್ತೇನೆಂದು ನಾನು ಹೇಳಿರಲೇ ಇಲ್ಲ. ಸಿಲಿಂಡರನ್ನು ಬೈಕಿಗೆ ಕಟ್ಟಿ ಹೊರಟುಬಂದೆ. ಅವನ ಮೋಟಾರು ಇನ್ನೂ ಆ ಬಾವಿಯಲ್ಲೇ ಇದೆ.