ಬದನೆಕಾಯಿಯ ಅಪವಾದ

ಗಂಡನ ಕಾಲಿನ ಗಾಯ ಮತ್ತೆ ಬಾಯಿ ಬಿಟ್ಟ ದಿನ ಅನುಸೂಯಾಬಾಯಿ ಅಳಲಿಲ್ಲ. ಅಳುವುದಕ್ಕೂ ಸ್ವಲ್ಪ ತ್ರಾಣ ಬೇಕು. ಕೀವು ಒರೆಸಿ, ಒಲೆಯ ಮೇಲೆ ನೀರಿಟ್ಟಳು.

ಪೊಲೀಸ್ ಕಾರ್ಯಾಚರಣೆಗೆ ಮುಂಚೆ, ರಜಾಕಾರರು ಬರುತ್ತಾರೆಂಬ ಸುದ್ದಿಗೆ ಭಾಲ್ಕಿ ಕಡೆಯ ಅವರ ಊರು ನಸುಕಿನಲ್ಲೇ ಖಾಲಿಯಾಗಿತ್ತು. ಕುರಿ ಹೊಡೆದುಕೊಂಡು ಕಮಲನಗರದ ದಾರಿ ಹಿಡಿದ ಅವಳ ಗಂಡ ಹಾವಗೆಪ್ಪ ಹಳ್ಳದಲ್ಲಿ ಜಾರಿ ಬಿದ್ದ. ಮೊಣಕಾಲ ಕೆಳಗೆ ಎಲುಬು ಕಾಣುವಂತೆ ಸೀಳಿತು. ನಿಜಾಮನ ಆಳ್ವಿಕೆ ಮುಗಿಯಿತು, ಊರವರು ಮರಳಿದರು, ಗಾಯ ಮಾತ್ರ ಮಾಯಲಿಲ್ಲ. ಎರಡು ವರ್ಷದ ಮೇಲೆ, ಪೆನಿಸಿಲಿನ್ ಎಂಬ ಹೊಸ ಸೂಜಿಮದ್ದು ಬಂದಿದೆಯೆಂದು ಕೇಳಿ ಬೀದರಿನ ಡಾಕ್ಟರ್ ಸಲಾವೋದ್ದೀನರ ದವಾಖಾನೆಗೆ ಹೋದರು. ಗಾಯ ಒಣಗಿತು. ಹಾವಗೆಪ್ಪ ಕೋಲು ಬಿಟ್ಟು ನಡೆದ. ಎಳ್ಳಮಾವಾಸ್ಯೆ ಕಳೆದ ಮೇಲೆ ಅದೇ ಜಾಗ ಕೆಂಪಗೆ ಬಾತಿತು.

“ಹಬ್ಬದ ಭಜ್ಜಿ ಪಲ್ಯಾದಾಗ ಬದನಿಕಾಯಿ ಹಾಕಿದ್ದಿ. ಅದು ನಂಜು. ನನ್ನ ಮಗನ ಕಾಲ ನೀನಽ ಕೆಡಿಸಿದಿ,” ಎಂದಳು ಅತ್ತೆ ಸುಂದರಬಾಯಿ.

“ಇಲ್ರಿ ಅತ್ತೀ. ಅವರಿಗಿ ಬ್ಯಾರೆ ಗಡಿಗ್ಯಾಗ ಮಾಡಿದ್ದೆ.”

“ಸೌಟು ಬ್ಯಾರೆ ಇತ್ತೇನ?”

ಹಬ್ಬದ ದಿನ ಹೊಲದಲ್ಲಿ ಅಷ್ಟು ಜನರಿಗೆ ಬಡಿಸುವಾಗ ಸೌಟು ಯಾವುದೆಂದು ಯಾರು ನೋಡುತ್ತಾರೆ? ಊರೆಲ್ಲ ಮಾತು ಹಬ್ಬಿತು. ಅತ್ತೆ ಅವಳನ್ನು ಔರಾದಿನ ತವರಿಗೆ ಅಟ್ಟುವೆನೆಂದಳು. ದಿನ ಕಳೆದಂತೆ ಅನುಸೂಯಾಬಾಯಿಗೇ ತನ್ನ ಕೈಯ ಮೇಲೆ ಅನುಮಾನ ಹುಟ್ಟಿತು. ತಾನು ಉಣ್ಣಲು ಕೂತಾಗಲೂ ತುತ್ತನ್ನು ಬಿಡಿಸಿ ನೋಡುತ್ತಿದ್ದಳು.

ಮತ್ತೆ ಬೀದರಿಗೆ ಹೋದಾಗ ಡಾಕ್ಟರು ಗಾಯ ನೋಡುವ ಮೊದಲೇ ಸುಂದರಬಾಯಿ ದೂರು ಹೇಳಿದಳು. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅವರೂ ದಣಿದಿದ್ದರು.

“ಬದನಿಕಾಯಿದು ಕಸೂರ ಇಲ್ಲ, ತಪ್ಪಿಲ್ಲ, ಅಮ್ಮಾ. ನಿಮ್ಮ ಸೊಸೀದೂ ಇಲ್ಲ. ಎಲುಬಿನ್ಯಾಗ ಕಣ್ಣಿಗಿ ಕಾಣದ ಹುಳ ಅವ. ಒಂದು ಒಡದು ಎರಡಾಗಿ, ಎರಡು ನಾಕಾಗಿ ಬೆಳದಾವ. ನಮ್ಮ ದವಾ ಬೆಳಿಯೋ ಹುಳಾನ ಕೊಲ್ತದ. ಆದ್ರ ಲಕ್ಷಗಟ್ಟಲೆ ಇದ್ದಲ್ಲಿ ಒಂದೋ ಎರಡೋ ಬೆಳಿಯೋದು ಬಿಟ್ಟು ಮಲಗಿರ್ತಾವ. ಮಲಗಿದ್ದಕ್ಕ ದವಾ ಹತ್ತಂಗಿಲ್ಲ. ಮುಂದ ಯಾವಾಗೋ ಏಳ್ತಾವ, ಮತ್ತ ಬೆಳಿತಾವ.”

“ನನ್ನ ಮಗನಂಗ. ಹೊತ್ತು ನೆತ್ತಿಗಿ ಬಂದ್ರೂ ಏಳಂಗಿಲ್ಲ,” ಎಂದಳು ಸುಂದರಬಾಯಿ. ಹಾವಗೆಪ್ಪ ನೋವಿನಲ್ಲೂ ನಕ್ಕ.

ಅನುಸೂಯಾಬಾಯಿ ಮಾತ್ರ ನಗಲಿಲ್ಲ. “ಆ ಮಲಗೋವು ಬ್ಯಾರೆ ಜಾತೀವೇನ್ರಿ?”

“ಅಲ್ಲ. ಎಲ್ಲಾ ಒಂದಽ ಸಂತಾನ, ಒಂದಽ ನಮೂನಿ. ಎದ್ದ ಮ್ಯಾಲ ಅವುಗಳ ಮಕ್ಕಳಿಗಿ ಇದಽ ದವಾ ಕೊಟ್ರ ಅವೂ ಸಾಯ್ತಾವ. ಅದರಾಗೂ ಒಂದಿಷ್ಟು ಮಲಗ್ತಾವ.”

“ಎಲ್ಲಾ ಒಂದಽ ಇದ್ರ, ಅದಽ ಯಾಕ ಮಲಗ್ತದ್ರಿ? ಬಾಜೂದ್ದು ಯಾಕ ಮಲಗಂಗಿಲ್ಲ?”

ಡಾಕ್ಟರು ಕನ್ನಡಕ ಮತ್ತೆ ಹಾಕಿಕೊಂಡರು. “ನನಗ ಗೊತ್ತಿಲ್ಲ, ಬಾಯಿ. ಗೊತ್ತಿದ್ದವರನ್ನ ನಾನೂ ನೋಡಿಲ್ಲ.”

ಕೆಟ್ಟ ಎಲುಬಿನ ಚೂರು ತೆಗೆಯಬೇಕು, ಈ ಸಲ ಹೆಚ್ಚು ದಿನ ಸೂಜಿ ಹಾಕಬೇಕು, ಆದರೂ ಗಾಯ ಮರಳಲಾರದೆಂದು ಮಾತು ಕೊಡಲಾರೆ ಎಂದರು.

ಹೊರಗಿನ ಕಟ್ಟೆಯ ಮೇಲೆ ಅತ್ತೆ ಸೊಸೆ ಕೂತರು. ಬಯ್ಯಲು ಅತ್ತೆಗೆ ಈಗ ಯಾರೂ ಉಳಿದಿರಲಿಲ್ಲ. ಸಂತೋಷಪಡಲು ಸೊಸೆಗೆ ಏನೂ ಸಿಕ್ಕಿರಲಿಲ್ಲ. ಒಳಗೆ ಗಂಡನ ಕಾಲಿನಿಂದ ಕೀವು ಇನ್ನೂ ಸುರಿಯುತ್ತಲೇ ಇತ್ತು.

ಕೊನೆಗೆ ಸುಂದರಬಾಯಿ ಸೊಸೆಯ ಕಡೆ ತಿರುಗಿದಳು. “ಹ್ವಾದ ಸಲ ದವಾಖಾನ್ಯಾಗ ಅವನ ಹತ್ರ ನೀ ಕೂತಿ. ಈ ಸಲ ನಾ ಕೂಡ್ತೇನಿ. ನೀ ಊರಿಗಿ ಹೋಗಿ ಕುರಿ ನೋಡ್ಕೊ.”

“ಊರಾಗ ಮಂದಿ ಕೇಳ್ತಾರ್ರಿ, ಅತ್ತೀ.”

“ಕೇಳಿದವರಿಗಿ ಹುಳ ಮಲಗಿದ್ದವಂತ ಹೇಳು. ನಂಬಲಿಲ್ಲಂದ್ರ, ನಮ್ಮ ಅತ್ತೀನಽ ಹೇಳ್ಯಾಳ ಅನ್ನು.”

ಅನುಸೂಯಾಬಾಯಿ ತಲೆಯಾಡಿಸಿದಳು. ಭಾಲ್ಕಿಯ ಮೋಟಾರು ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಅಲ್ಲೇ ಗೋಡೆಗೆ ಒರಗಿ ಕೂತಳು.