ಆ ಲೆಕ್ಕ ತಪ್ಪಿದ್ದು ನಿಮ್ಮಿಂದಲ್ಲ

ವಸಂತಿಯವರೇ, ಅಂದು ನಿಮ್ಮ ಪ್ರೋಗ್ರಾಂ ತಪ್ಪು ಉತ್ತರ ಕೊಟ್ಟದ್ದು ನನ್ನಿಂದ. ಅದು ನನಗೆ ಅದೇ ಮಧ್ಯಾಹ್ನ ಗೊತ್ತಾಗಿತ್ತು — ಗೊತ್ತಾಗಿಯೂ ಬಾಯಿ ಬಿಡಲಿಲ್ಲ.

ಎಂಬತ್ತರ ದಶಕದ ಕೊನೆ. ಸುರತ್ಕಲ್ ಕಡೆಯ ನಮ್ಮ ಸಣ್ಣ ಸಂಶೋಧನಾ ಕೇಂದ್ರಕ್ಕೆ ಯುನಿಕ್ಸ್ ಎಂಬ ವ್ಯವಸ್ಥೆಯ ಹೊಸ ಕಂಪ್ಯೂಟರ್ ಯಂತ್ರ ಬಂದಿತ್ತು. ಅದನ್ನು ನೋಡಿಕೊಳ್ಳುವ ಕೆಲಸ ನನ್ನದು. ನೀವು ಒಂದು ವರ್ಷದ ತಾತ್ಕಾಲಿಕ ಹುದ್ದೆಯಲ್ಲಿದ್ದಿರಿ. ಕಡಲ ತಡೆಗೋಡೆಗೆ ಬಡಿಯುವ ಅಲೆಗಳ ಒತ್ತಡವನ್ನು ಲೆಕ್ಕ ಹಾಕುವ ಪ್ರೋಗ್ರಾಂ ಬರೆದಿದ್ದಿರಿ. ಅದನ್ನು ಹೊರಗಿನ ಎಂಜಿನಿಯರುಗಳಿಗೆ ತೋರಿಸುವ ದಿನ, ಬಂದ ಉತ್ತರ ಇರಬೇಕಾದದ್ದರ ಅರ್ಧವೂ ಇರಲಿಲ್ಲ.

"ಎಂತ ಮಾರಾಯ್ತಿ ಇದು? ಇದನ್ನು ನಂಬಿ ಗೋಡೆ ಕಟ್ಟಿದ್ರೆ ಉಳಿಲಿಕ್ಕುಂಟಾ?" ಎಂದು ನಿರ್ದೇಶಕರು ಎಲ್ಲರೆದುರೇ ಕೇಳಿದರು.

ನೀವು ನನ್ನತ್ತ ತಿರುಗಿದಿರಿ. "ಸುಧಾಕರಣ್ಣ, ಯಂತ್ರದಲ್ಲಿ ಎಂತಾದ್ರೂ ಬದಲು ಮಾಡಿದ್ದುಂಟಾ?"

"ಇಲ್ಲ. ನೀವೇ ಇನ್ನೊಮ್ಮೆ ನೋಡಿ" ಎಂದೆ.

ಆ ಕ್ಷಣಕ್ಕೆ ಅದು ಸುಳ್ಳೆಂದು ನನಗೂ ಹೊಳೆದಿರಲಿಲ್ಲ. ಊಟದ ಹೊತ್ತಿಗೆ ಎಲ್ಲರೂ ಹೋದ ಮೇಲೆ ನಿಮ್ಮ ಪ್ರೋಗ್ರಾಮನ್ನು ಟ್ರೇಸ್ ಎಂಬ ಕಮಾಂಡಿನಡಿ ಓಡಿಸಿದೆ. ಪ್ರೋಗ್ರಾಂ ಶುರುವಾಗುವಾಗ ವರ್ಗಮೂಲದಂಥ ಸಾಮಾನ್ಯ ಲೆಕ್ಕಗಳನ್ನು ಬೇರೊಂದು ಲೈಬ್ರರಿ ಫೈಲಿನಿಂದ ತಂದು ಜೋಡಿಸಿಕೊಳ್ಳುತ್ತದೆ. ಜೋಡಿಸುವ ಕೆಲಸ ಲಿಂಕರಿನದು. ಅದು ಎಲ್ಲೆಲ್ಲಿ ಹುಡುಕಿತು, ಯಾವ ಫೈಲು ತೆರೆಯಿತು ಎಂಬುದನ್ನು ಟ್ರೇಸ್ ಸಾಲುಸಾಲಾಗಿ ತೋರಿಸುತ್ತದೆ. ಐದನೆಯದೋ ಆರನೆಯದೋ ಸಾಲಿನಲ್ಲಿ ನನ್ನ ಹೆಸರಿನ ಡೈರೆಕ್ಟರಿ, ಅಂದರೆ ನನ್ನ ಫೈಲುಗಳಿಡುವ ಜಾಗ, ಇತ್ತು.

ಹಿಂದಿನ ವಾರ, ವರ್ಗಮೂಲವನ್ನು ಬೇಗ ತೆಗೆಯುವ ಪ್ರಯೋಗಕ್ಕೆಂದು ನಾನು ಆ ಲೈಬ್ರರಿಯ ನಕಲೊಂದನ್ನು ತಿದ್ದಿದ್ದೆ. ಎಲ್ಲರ ಪ್ರೋಗ್ರಾಮುಗಳೂ ಮೊದಲು ನನ್ನ ಡೈರೆಕ್ಟರಿಯಲ್ಲೇ ಹುಡುಕುವಂತೆ ಮಾಡಿ, ಮತ್ತೆ ಬದಲಿಸಲು ಮರೆತಿದ್ದೆ. ತಪ್ಪು ಉತ್ತರ ಕೊಡುತ್ತಿದ್ದ ನನ್ನ ಆ ವರ್ಗಮೂಲವೇ ನಿಮ್ಮ ಲೆಕ್ಕಕ್ಕೆ ಸೇರಿಕೊಂಡಿತ್ತು.

ಮರೆವು ತಪ್ಪಲ್ಲ ಎನ್ನಬಹುದೇನೋ. ಆದರೆ ಆಮೇಲೆ ಮಾಡಿದ್ದು — ನನ್ನ ಫೈಲನ್ನು ಅಳಿಸಿದೆ, ಹುಡುಕುವ ದಾರಿಯನ್ನು ಮೊದಲಿನಂತೆ ಮಾಡಿದೆ, ಪರದೆಯ ಮೇಲಿದ್ದ ಟ್ರೇಸಿನ ಸಾಲುಗಳನ್ನೂ ಅಳಿಸಿದೆ. ಸಂಜೆ ನೀವು ಮತ್ತೆ ಓಡಿಸಿದಾಗ ಉತ್ತರ ಸರಿಯಾಗಿತ್ತು. ಅದೇ ನಿಮಗೆ ಮುಳುವಾಯಿತು. ಬೆಳಿಗ್ಗೆ ಅಂಕಿಗಳನ್ನು ತಪ್ಪಾಗಿ ಕೊಟ್ಟು ಈಗ ತಿದ್ದಿದ್ದಾರೆ ಎಂದು ಎಲ್ಲರೂ ತಿಳಿದರು. ನೀವು ಅಲ್ಲವೆಂದಿರಿ. ನಾನು ಪಕ್ಕದಲ್ಲೇ ಕೂತಿದ್ದೆ.

ವರ್ಷ ಮುಗಿದಾಗ ನಿಮ್ಮ ಹುದ್ದೆ ಮುಂದುವರಿಯಲಿಲ್ಲ. ಕಾಟಿಪಳ್ಳದಲ್ಲಿ ಮನೆಪಾಠ ಹೇಳುತ್ತೀರೆಂದು ಕೇಳಿದೆ. ಎಷ್ಟೋ ಸಲ ಆ ಕಡೆಯ ಬಸ್ಸು ಹತ್ತಿದ್ದೇನೆ, ಆದರೆ ನಿಮ್ಮ ಮನೆಯ ತನಕ... ಬಂದದ್ದಿಲ್ಲ.

ಕಳೆದ ವಾರ ಬಲ್ಮಠದಲ್ಲಿರುವ ಹಳೆಯ ನಿರ್ದೇಶಕರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ.

"ಅವಳಿಗೆ ಹೇಳಿದ್ಯಾ?" ಎಂದು ಕೇಳಿದರು.

"ಇಲ್ಲ ಸರ್."

"ಮತ್ತೆ ನನ್ನ ಹತ್ರ ಯಾಕೆ ಬಂದೆ ಮಾರಾಯ?"

ಅದಕ್ಕೇ ಇದನ್ನು ಬರೆದೆ. ಈ ಕಾಗದಕ್ಕೆ ನನ್ನ ಪೂರ್ತಿ ಹೆಸರು ಹಾಕಿ ಸಹಿ ಮಾಡಿದ್ದೇನೆ. ಯಾರಿಗೆ ಬೇಕಾದರೂ ತೋರಿಸಿ. ಉತ್ತರ ಬರೆಯಬೇಕೆಂದಿಲ್ಲ.