ಅಲ್ಲಾಡಬೇಕಾದ ಕುಚ್ಚು

ಮನೆಯಿಂದ ಹೊರಡುವಾಗ ಬೀಗ ಹಾಕಿ ಮೂರು ಸಲ ಎಳೆದು ನೋಡುವವರ ಪಂಗಡಕ್ಕೆ ಸೇರಿದವಳು ನಾನು. ಬಸ್ ನಿಲ್ದಾಣದವರೆಗೆ ಹೋಗಿ, ವಾಪಸು ಬಂದು, ನಾಲ್ಕನೆಯ ಸಲ ಎಳೆದದ್ದೂ ಉಂಟು. ಇಂಥವರಿಗೆ ಗಾಬರಿ ಹೊರಗಿನಿಂದ ಬರಬೇಕಾಗಿಲ್ಲ, ಮನೆಯಲ್ಲೇ ದಾಸ್ತಾನು ಇರುತ್ತದೆ. ಆದರೂ ಮಗಳು ಚೈತ್ರ ಫೋನಿನಲ್ಲಿ ಒಂದು ಚಿತ್ರ ತೋರಿಸಿದಾಗ ಆದಂಥ ಗಾಬರಿ ಆ ದಾಸ್ತಾನಿನಲ್ಲಿ ಇರಲಿಲ್ಲ.

ಚಿತ್ರದಲ್ಲಿ ಒಬ್ಬ ಬಿಳಿ ಹೆಂಗಸು. ತೋಳಿಲ್ಲದ, ಸೊಂಟವೂ ಇಲ್ಲದ ಅಂಗಿ. ಎಲ್ಲಿ ಮುಗಿಯಬೇಕೆಂದು ನಾನು ನಿರೀಕ್ಷಿಸಿದ್ದೆನೋ ಅದಕ್ಕಿಂತ ಬಹಳ ಮೊದಲೇ ಅದು ಮುಗಿದು, ಮಿಕ್ಕ ಜವಾಬ್ದಾರಿಯನ್ನು ಒಂದಷ್ಟು ದಾರದ ಎಳೆಗಳಿಗೆ ಒಪ್ಪಿಸಿತ್ತು.

"ಏನೇ ಇದು?"

"ಜಾಝ್ ಕಾಲದ್ ಡ್ರೆಸ್ಸಮ್ಮ. ನೂರು ವರ್ಷ ಹಳೇದು. ಕಾಲೇಜ್ ಡೇಗೆ ಒಂದೊಂದ್ ಟೀಮಿಗೆ ಒಂದೊಂದ್ ದಶಕ ಕೊಟ್ಟವ್ರೆ. ನಮಗೆ ಇದು ಬಂದೈತೆ. ನಾನೊಬ್ಳೇ ಕುಣಿಯೋ ಭಾಗಾನೂ ಇದೆ."

"ಮಿಕ್ಕಿದ್ದೆಲ್ಲಿ?"

"ಯಾವ್ದು ಮಿಕ್ಕಿದ್ದು?"

"ಬಟ್ಟೆ ಕಣೇ."

ಚೈತ್ರ ನಕ್ಕಳು. ಅವಳಿಗೆ ಗೊತ್ತಿಲ್ಲದ ಇನ್ನೊಂದು ಗಾಬರಿ ನನ್ನೊಳಗೆ ಎದ್ದಿತ್ತು. ದೊಡ್ಡಬಳ್ಳಾಪುರದ ಪದವಿಪೂರ್ವ ಕಾಲೇಜಿನಲ್ಲಿ ನಾನು ಇತಿಹಾಸ ಪಾಠ ಮಾಡುವವಳು. ಎರಡು ಮಹಾಯುದ್ಧಗಳ ನಡುವಿನ ಕಾಲವನ್ನು ಎಷ್ಟು ಸಲ ಬೋಧಿಸಿದ್ದೇನೋ ಲೆಕ್ಕವಿಲ್ಲ. ಆದರೆ ನನ್ನ ಪಾಠದ ಆ ಕಾಲದಲ್ಲಿ ಎಲ್ಲರೂ ಒಪ್ಪಂದಗಳಿಗೆ ಸಹಿ ಹಾಕುತ್ತಲೇ ಇದ್ದರು, ಒಬ್ಬರೂ ಬಟ್ಟೆ ಹಾಕಿಕೊಂಡಿರಲಿಲ್ಲ. ಕುಣಿದವರಂತೂ ಇಲ್ಲವೇ ಇಲ್ಲ.

ಬೇಡ ಎಂದುಬಿಡುವುದು ಸುಲಭವಿತ್ತು. ಅದನ್ನು ಒಮ್ಮೆ ಮಾಡಿ ನೋಡಿದ್ದೇನೆ. ಚೈತ್ರ ಏಳು ವರ್ಷ ಭರತನಾಟ್ಯ ಕಲಿತವಳು. ಹತ್ತನೇ ತರಗತಿಗೆ ಬಂದಾಗ, ಅಂಕ ಕಡಿಮೆಯಾದರೆ ಏನು ಗತಿ ಎಂಬ ಚಿಂತೆ ಹತ್ತಿ, ಅವಳ ಗೆಜ್ಜೆಯನ್ನು ಹಳೆಯ ದಿಂಬಿನ ಕವರಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. "ಪರೀಕ್ಷೆ ಮುಗೀಲಿ" ಎಂದೆ. ಅವಳು "ಬಿಡಮ್ಮ" ಎಂದಷ್ಟೇ ಹೇಳಿದಳು. ಪರೀಕ್ಷೆ ಮುಗಿಯಿತು, ಅಂಕವೂ ಬಂತು, ಗೆಜ್ಜೆ ಮಾತ್ರ ಇಳಿಯಲಿಲ್ಲ. ಅವಳು ಕೇಳಲಿಲ್ಲ, ನಾನು ಕೊಡಲಿಲ್ಲ. ಆಮೇಲೆ ಕುಣಿತದ ಮಾತನ್ನು ಅವಳು ಎತ್ತಿದ್ದು ಇದೇ ಮೊದಲು. ಬೇಡವೆಂದರೆ ಮತ್ತೆ ಎತ್ತುವುದಿಲ್ಲವೆಂದು ನನಗೆ ಖಾತ್ರಿಯಿತ್ತು.

ಹಾಗಾಗಿ ಬೇಡ ಎನ್ನದೆ ಓದಲು ಕೂತೆ. ಓದಿದಷ್ಟೂ ಗಾಬರಿಯಾಯಿತು. ಆ ಹೆಂಗಸರು ಅಲ್ಲಿಯವರೆಗೆ ಸೊಂಟವನ್ನು ಹಿಂಡುತ್ತಿದ್ದ ಬಿಗಿಯಾದ ಒಳಕವಚವನ್ನು ಕಿತ್ತೆಸೆದರಂತೆ. ಅಂಗಿಯನ್ನು ಹೆಗಲಿನಿಂದ ನೇರವಾಗಿ ಇಳಿಬಿಟ್ಟು, ನಡುಪಟ್ಟಿಯನ್ನು ಸೊಂಟದಿಂದ ಕೆಳಗೆ ತಳ್ಳಿದರಂತೆ. ಕೂದಲನ್ನು ಕಿವಿಯ ಹತ್ತಿರಕ್ಕೆ ಕತ್ತರಿಸಿಕೊಂಡರು. ಕಾಲುಚೀಲವನ್ನು ಮಂಡಿಯ ಕೆಳಕ್ಕೆ ಸುರುಳಿ ಸುತ್ತಿ, ಕೆಲವರು ಮಂಡಿಗೆ ಪೌಡರನ್ನೂ ಹಚ್ಚಿದರು. ನಾನು ಮುಖಕ್ಕೆ ಪೌಡರ್ ಹಚ್ಚುವಾಗಲೂ ಜಾಸ್ತಿಯಾಯಿತೇನೋ ಎಂದು ಎರಡು ಸಲ ಒರೆಸಿಕೊಳ್ಳುವವಳು. ಕುಣಿಯುವಾಗ ಕಳಚಿ ಹಾರದಿರಲೆಂದು ಪಾದದ ಮೇಲೆ ಪಟ್ಟಿಯಿದ್ದ ಚಪ್ಪಲಿ ಹಾಕುತ್ತಿದ್ದರು ಎಂಬುದೊಂದೇ ನನಗೆ ಸಮಾಧಾನ ಕೊಟ್ಟ ವಿಷಯ. ಅವರ ನಡುವೆಯೂ ಚಿಂತೆ ಮಾಡುವವಳು ಒಬ್ಬಳಾದರೂ ಇದ್ದಳು.

ಕೃತಕ ರೇಷ್ಮೆಯನ್ನು ಅವರು ಖುಷಿಯಿಂದ ತೊಟ್ಟರು ಎಂದು ಓದಿದಾಗ, ಅದನ್ನೇ ನೇಯುವ ಮಗ್ಗಗಳ ಊರಿನವಳಾದ ನನಗೆ ಅವರು ಸ್ವಲ್ಪ ನೆಂಟರಂತೆಯೂ ಕಂಡರು. ಜತೆಗೆ ಇನ್ನೊಂದು ಸಂಗತಿ: ತೆಳು ರೇಷ್ಮೆಯ ಮೇಲೆ ರಾಶಿ ಮಣಿ ಹೊಲಿದಿದ್ದರಿಂದ, ಎಷ್ಟೋ ಅಂಗಿಗಳು ಈಗ ತಮ್ಮ ಭಾರಕ್ಕೆ ತಾವೇ ಹರಿಯುತ್ತವಂತೆ. ವಸ್ತುಸಂಗ್ರಹಾಲಯಗಳಲ್ಲಿ ಅವನ್ನು ತೂಗುಹಾಕದೆ, ರೋಗಿಗಳ ಹಾಗೆ ಮಲಗಿಸಿ ಇಟ್ಟಿರುತ್ತಾರಂತೆ. ಇದನ್ನು ಓದಿಯೂ ನನಗೆ ಬುದ್ಧಿ ಬರಲಿಲ್ಲ.

ಏಕೆಂದರೆ ಅಷ್ಟರಲ್ಲಿ ಒಂದು ವಾಕ್ಯ ಕಣ್ಣಿಗೆ ಬಿದ್ದಿತ್ತು. ಆ ದಶಕದ ಬಹುಪಾಲು ಅಂಗಿಗಳು ಮಂಡಿಯನ್ನು ಮುಚ್ಚುತ್ತಿದ್ದವು. ತೊಡೆ ಕಾಣುವ ಅಂಗಿ ಆಮೇಲಿನವರ ಕಲ್ಪನೆ. ಇತಿಹಾಸ ನಾಲ್ಕು ಬೆರಳಿನಷ್ಟು ನನ್ನ ಪಕ್ಷಕ್ಕೆ ಬಂದಿತ್ತು. ಚೈತ್ರಳೂ ಒಪ್ಪಿದಳು. "ಸರಿ, ಟೀಚರಮ್ಮ" ಎಂದಳು. ದರ್ಜಿ ಎಳೆಗಳ ಉದ್ದವೂ ಸೇರಿ ಮಂಡಿಯ ಕೆಳಗೆ ಬರುವಂತೆ ಕಪ್ಪು ಅಂಗಿ ಹೊಲಿದುಕೊಟ್ಟ. ದಾರದ ಎಳೆಗಳಿಗೆ ಬೇರೆಲ್ಲೂ ಹೋಗಬೇಕಾಗಿರಲಿಲ್ಲ. ನಮ್ಮ ಬೀದಿಯ ಕೊನೆಯ ಮನೆಯ ಮುಮ್ತಾಜಮ್ಮ ಸೀರೆಯ ಸೆರಗಿಗೆ ಕುಚ್ಚು ಕಟ್ಟುವವರು. ಊರಿನ ಅರ್ಧ ಮದುವೆಗಳ ಸೆರಗು ಅವರ ಮೊಣಕಾಲಿನ ಮೇಲೆ ಹಾದು ಹೋಗಿದೆ.

ಅಂಗಿ ಕೊಟ್ಟು ಚೈತ್ರ ಹೊರಗೆ ಹೋದಳು. ನಾನು ಹಿಂದೆಯೇ ಉಳಿದು, ದನಿ ತಗ್ಗಿಸಿ, "ಬಿಗಿಯಾಗಿ ಕಟ್ಟಿ ಮುಮ್ತಾಜಮ್ಮ. ಮದುವೆ ಸೀರೆಗೆ ಕಟ್ತೀರಲ್ಲ, ಹಂಗೆ. ಸಾಲಿಗೆ ಸಾಲು ಗಂಟು ಹಾಕಿ. ಕಾಲೆತ್ತಿದ್ರೂ ಎಳೆ ಅತ್ತಿತ್ತ ಸರೀಬಾರ್ದು. ತೂಕಕ್ಕೆ ಮಣಿನೂ ಇರ್ಲಿ" ಎಂದೆ.

"ನೀವು ಹೇಳ್ಬೇಕಾ ಮೇಡಂ? ನಂ ಕೈಯಾಗ್ ಕಟ್ಟಿದ್ದು ಅಲ್ಲಾಡೋದೇ ಇಲ್ಲ" ಎಂದರು ಮುಮ್ತಾಜಮ್ಮ.

ಹೇಳಿದಂತೆಯೇ ಆಯಿತು. ಕಾರ್ಯಕ್ರಮದ ಹಿಂದಿನ ದಿನ ಮಧ್ಯಾಹ್ನ ಚೈತ್ರ ಅಂಗಿ ತೊಟ್ಟು ನಡುಮನೆಯಲ್ಲಿ ಒಂದು ಸುತ್ತು ತಿರುಗಿದಳು. ಎಳೆಗಳು ಹಾರಬೇಕಿತ್ತು. ಅದರ ಬದಲು ಇಡೀ ಕುಚ್ಚು ಅಂಗಡಿಯ ಷಟರಿನ ಹಾಗೆ ಒಂದೇ ತುಂಡಾಗಿ ಅವಳ ಹಿಂದೆ ನಿಧಾನವಾಗಿ ಸುತ್ತಿ ಬಂತು. ಎರಡನೆಯ ಸುತ್ತಿಗೆ ಎಡಹೆಗಲಿನ ಹೊಲಿಗೆ ಪರ್ರೆಂದು ಬಿಟ್ಟಿತು.

ಚೈತ್ರ ನಿಂತಳು. ಕುಚ್ಚನ್ನು ಬೊಗಸೆಯಲ್ಲಿ ಎತ್ತಿ ನೋಡಿದಳು. ಒಳಗಿನ ಸಾಲುಗಳನ್ನು ಒಂದಕ್ಕೊಂದು ಸೇರಿಸಿ ಗಂಟು ಹಾಕಿದ್ದು ಕಾಣಿಸಿತು. ನನ್ನ ಮುಖ ನೋಡಿದಳು.

"ಬಿಡಮ್ಮ" ಎಂದಳು.

ಮಂಡಿ ಕಂಡರೆ ಏನಾದೀತೆಂದು ವಾರಗಟ್ಟಲೆ ಹೆದರಿದವಳಿಗೆ, ಹೆದರಬೇಕಾಗಿದ್ದದ್ದು ಈ ಒಂದು ಮಾತಿಗೆ ಎಂದು ಗೊತ್ತೇ ಇರಲಿಲ್ಲ.

"ನಾನೇ ಹೇಳಿ ಕಟ್ಟಿಸಿದ್ದು" ಎಂದೆ.

"ಗೊತ್ತಾಯ್ತು."

"ಬಿಚ್ಚೋಣ ನಡಿ."

"ನಾಳೆ ಅಮ್ಮ. ನಾಳೆನೇ ಪ್ರೋಗ್ರಾಮು."

"ಇವತ್ತು ಇನ್ನೂ ಮೂರ್ ಗಂಟೆ ಕಣೇ. ನಡಿ."

ಮುಮ್ತಾಜಮ್ಮ ಅಂಗಿ ನೋಡಿ, ಚೈತ್ರಳನ್ನು ನೋಡಿ, ಕೊನೆಗೆ ನನ್ನನ್ನು ನೋಡಿದರು. "ಮೂವತ್ತು ವರ್ಷ ಆಯ್ತು ಕಟ್ತಾ. ಬಿಚ್ಚಿಕೊಡಿ ಅಂತ ಬಂದವ್ರು ನೀವೇ ಮೊದ್ಲು" ಎಂದು ಚಾಪೆ ಹಾಸಿದರು. ಮೂವರೂ ಕೂತೆವು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಗೋಣಿಸೂಜಿ. ನನ್ನ ಗಂಟುಗಳು ಮಾತ್ರ ಬೇಗ ಬಿಚ್ಚುತ್ತಿರಲಿಲ್ಲ. ಎಳೆ ಹರಿದೀತೆಂಬ ಚಿಂತೆ. "ಎಳೀರಿ ಮೇಡಂ, ದಾರ ಅದು, ದೇವರಲ್ಲ" ಎಂದು ಮುಮ್ತಾಜಮ್ಮ ಗದರಿದರು. ಚೈತ್ರ ತಲೆ ಎತ್ತದೆ, "ಅಮ್ಮಂಗೆ ಕಟ್ಟೋದೊಂದೇ ಬರೋದು ಆಂಟಿ" ಎಂದಳು. ಚುಚ್ಚುಮಾತೇ. ಆದರೆ ಹೇಳುವಾಗ ಅವಳ ಭುಜ ನನ್ನ ಭುಜಕ್ಕೆ ತಾಗಿತ್ತು. ಬೆಳಕು ಇಳಿಯುವ ಹೊತ್ತಿಗೆ ಎಳೆಗಳೆಲ್ಲ ಬಿಡಿಯಾದವು, ಮಣಿಗಳೆಲ್ಲ ಡಬ್ಬಿ ಸೇರಿದವು, ಹೆಗಲಿಗೆ ಹೊಸ ಹೊಲಿಗೆ ಬಿತ್ತು.

ಮರುದಿನ ಎರಡನೆಯ ಸಾಲಿನಲ್ಲಿ ಕೂತಿದ್ದೆ. ಚೈತ್ರ ಒಬ್ಬಳೇ ಮುಂದೆ ಬಂದಳು. ಮಂಡಿ ಒಳಕ್ಕೆ, ಹಿಮ್ಮಡಿ ಹೊರಕ್ಕೆ ಹಾಕುವ ವಿಚಿತ್ರ ಕುಣಿತ ಅದು. ಅವಳು ಗಿರಕ್ಕನೆ ತಿರುಗಿದಾಗ ಎಳೆಗಳು ಹಾರಿದವು, ಮಂಡಿಗಳು ಕಂಡವು. ಯಾರ‍್ಯಾರು ಗಾಬರಿಯಾದರೆಂದು ನೋಡಲು ಅಭ್ಯಾಸದಂತೆ ಸುತ್ತ ತಿರುಗಿದೆ. ಯಾರಿಗೂ ನನ್ನ ಕಡೆ ನೋಡಲು ಬಿಡುವಿರಲಿಲ್ಲ. ನಾನೂ ವೇದಿಕೆಯತ್ತ ತಿರುಗಿದೆ, ಆಗ ಗಾಬರಿಯಾಯಿತು. ಚೈತ್ರ ನಗುತ್ತಿದ್ದಳು. ಏಳು ವರ್ಷದ ಹುಡುಗಿಯಾಗಿದ್ದಾಗ ಗೆಜ್ಜೆ ಕಟ್ಟಿದ ಕೂಡಲೇ ಬರುತ್ತಿದ್ದ ನಗು. ಆ ದಿಂಬಿನ ಕವರಿನಲ್ಲಿ ನಾನು ಏನೇನು ಸುತ್ತಿ ಅಟ್ಟಕ್ಕೆ ಹಾಕಿದ್ದೆನೋ. ಹಾಡು ನಿಂತಿತು, ಅವಳೂ ನಿಂತಳು. ಕುಚ್ಚು ಮಾತ್ರ ಇನ್ನೊಂದು ಗಳಿಗೆ ತನ್ನ ಪಾಡಿಗೆ ತೂಗುತ್ತಲೇ ಇತ್ತು.

ಗೆಜ್ಜೆ ಈಗ ಅವಳ ಪುಸ್ತಕದ ಕಪಾಟಿನಲ್ಲಿದೆ. ಇಳಿಸಿಕೊಟ್ಟವಳು ನಾನೇ, ಏಣಿ ಜಾರೀತೆಂದು ಚೈತ್ರಳ ಕೈಯಲ್ಲಿ ಹಿಡಿಸಿಕೊಂಡು.

ನಿನ್ನೆ ಮನೆಯಲ್ಲಿ ಯಾರೂ ಇರಲಿಲ್ಲ. ಕಾಲೇಜಿಗೆ ಹೊರಡಲು ಸೀರೆ ಉಟ್ಟು ಕನ್ನಡಿಯ ಮುಂದೆ ನಿಂತಿದ್ದೆ. ಹೋಗಿ ಮುಂಬಾಗಿಲ ಚಿಲಕ ನೋಡಿದೆ. ಮೂರು ಸಲ ನೋಡಿದೆ, ಈ ಸಲ ಕಳ್ಳರಿಗೆ ಹೆದರಿ ಅಲ್ಲ. ವಾಪಸು ಬಂದು ನಿಂತಲ್ಲೇ ಒಂದು ಸುತ್ತು ತಿರುಗಿದೆ. ಸೆರಗಿನ ಕುಚ್ಚು ಬೀರುವಿಗೆ ಟಪ್ಪೆಂದು ಬಡಿಯಿತು.

ಬಿಗಿ ಜಾಸ್ತಿಯಾಗಿದೆ. ಮುಮ್ತಾಜಮ್ಮನಿಗೆ ಹೇಳಬೇಕು.